ಪಿಸ್ತೂಲಿನ ಗುಂಡೂ ವೇಗದ ಪಂಚಾಯಿತಿಯೂ

ಚಳ್ಳಕೆರೆಯ ಎಣ್ಣೆಗಿರಣಿಗಳನ್ನೂ ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನೂ ಬಲ್ಲವರಿಗೆಲ್ಲ ಆ ಸೀಮೆಯ ಹುಲ್ಲುಗಾವಲುಗಳ ಪರಿಚಯವಿರಬೇಕೆಂಬ ನಿಯಮವೇನೂ ಇಲ್ಲ. ಮೈಸೂರಿನ ಸೈನ್ಯದ ಫಿರಂಗಿಗಳನ್ನು ಎಳೆದು ಹೆಸರು ಗಳಿಸಿದ ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಾಗಿದ್ದ, ಇಂದಿಗೂ ಜನರ ಬಾಯಲ್ಲಿ ‘ಕಾವಲು’ ಎಂದೇ ಉಳಿದಿರುವ ಆ ಬಯಲಿನ ಒಂದು ವಿಶಾಲ ಭಾಗದಲ್ಲಿ, ಕುರಿ ಮೇಯಿಸುವವರ ಮತ್ತು ಕಂಬಳಿ ನೇಯುವವರ ಅಳಲು ಹಸಿರು ನ್ಯಾಯಮಂಡಳಿಯವರೆಗೆ ಹೋಗಿ ಬಂದ ಮೇಲೂ, ದೇಶದ ದೊಡ್ಡ ವಿಜ್ಞಾನಸಂಸ್ಥೆಗಳು ನೆಲೆಯೂರಿವೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು ಅಲ್ಲಿ ಉದ್ಘಾಟಿತವಾದುದು 2017ರಲ್ಲಿ. ಅದೇ ಕ್ಷೇತ್ರದ ಓಡುದಾರಿಯ ಮೇಲೆ 2024ರ ಜೂನ್ 23ರಂದು ಬೆಳಿಗ್ಗೆ, ವಾಯುಸೇನೆಯ ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಕೈಬಿಟ್ಟ ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವು, ಮನುಷ್ಯನ ಕೈಯ ನೆರವಿಲ್ಲದೆ ತಾನಾಗಿಯೇ ಇಳಿದು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲವನ್ನು ಮುಟ್ಟಿ, ಬಾಲದ ಧುಮುಕುಕೊಡೆಯ ಸಹಾಯದಿಂದ ಆ ವೇಗವನ್ನು ಸುಮಾರು 100ಕ್ಕೆ ಇಳಿಸಿಕೊಂಡಿತು. ಇಸ್ರೋ ಈ ಸಂಖ್ಯೆಗಳನ್ನು ಪ್ರಕಟಿಸಿದಾಗ ಪತ್ರಿಕೆಗಳನ್ನು ಓದಿದವರು ತಲೆದೂಗಿದರು. ಆದರೆ ಈ 320 ಎಂಬುದನ್ನು ಯಾರು, ಯಾವ ಉಪಾಯದಿಂದ ಕಂಡುಕೊಂಡರು ಎಂದು ಕೇಳಿದವರು ವಿರಳ.

ವೇಗವು ಕಣ್ಣಿಗೆ ಕಾಣುವ ವಸ್ತುವಲ್ಲ. ದೂರವನ್ನು ಅಳೆಯಬಹುದು, ಕಾಲವನ್ನು ಅಳೆಯಬಹುದು. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ವೇಗವೆಂಬುದು ಕಾಗದದ ಮೇಲೆ ಹುಟ್ಟುತ್ತದೆ. ಪುಷ್ಪಕಕ್ಕಿಂತ ಮೂರು ಪಾಲಿಗೂ ಹೆಚ್ಚು ವೇಗವಾಗಿ ಹೋಗುವ, ಹೆಬ್ಬೆರಳ ಉಗುರಿಗಿಂತ ದೊಡ್ಡದಲ್ಲದ ಒಂದು ಲೋಹದ ತುಣುಕಿನ ವೇಗವನ್ನು ಅಳೆಯುವ ಸಂದರ್ಭವೊಂದು ಕ್ರೀಡಾಲೋಕದಲ್ಲಿಯೂ ಉಂಟೆಂಬುದು ಬಹುಮಂದಿಗೆ ತಿಳಿಯದು. ಪಿಸ್ತೂಲು ಸ್ಪರ್ಧೆಗಳಲ್ಲಿ ಗುರಿಕಾರನು ತಂದ ತೋಟಾಗಳ ವೇಗಪರೀಕ್ಷೆಯೇ ಆ ಸಂದರ್ಭ. ಈ ಲೇಖನವು ಅದನ್ನು ಕುರಿತದ್ದು.

ಮೊದಲು ತೋಟಾ ಎಂದರೇನೆಂಬುದನ್ನು ನೋಡೋಣ. ನಮ್ಮ ಕಡೆಯ ರೈತರು ಹಂದಿಗಳ ಕಾಟಕ್ಕೆಂದು ಪರವಾನಗಿ ಪಡೆದು ಇಟ್ಟುಕೊಳ್ಳುವ ಕೇಪಿನ ಕೋವಿಗೆ ಮದ್ದನ್ನೂ ಚರೆಯನ್ನೂ ನಳಿಗೆಯ ಬಾಯಿಂದಲೇ ಜಡಿಯಬೇಕು. ತೋಟಾ ಕೋವಿಗಾದರೆ ಇವೆಲ್ಲವೂ ಒಂದೇ ಕವಚದಲ್ಲಿ ಸಿದ್ಧವಾಗಿ ಬರುತ್ತವೆ. ಪಿಸ್ತೂಲಿನ ತೋಟಾದಲ್ಲಿ ನಾಲ್ಕು ಅಂಗಗಳು: ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಹೊಗೆರಹಿತ ಮದ್ದು, ಬಾಯಲ್ಲಿ ಕೂರಿಸಿದ ಗುಂಡು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕವಚವು ಹಾಳಾಗಿರುವುದಿಲ್ಲ. ಅದನ್ನು ಶುಚಿಗೊಳಿಸಿ, ಸುಟ್ಟ ಕೇಪನ್ನು ಕಳಚಿ, ಉಬ್ಬಿದ ಮೈಯನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ತೂಗಿದ ಮದ್ದು, ಹೊಸ ಗುಂಡುಗಳನ್ನು ಒಂದರ ಮೇಲೊಂದು ಕೂಡಿಸಿದರೆ ಕೈಯಿಂದ ತುಂಬಿದ ತೋಟಾ ಸಿದ್ಧವಾಗುತ್ತದೆ. ಅಮೆರಿಕದಂತಹ ದೇಶಗಳಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಗುಂಡು ಹಾರಿಸುವ ಸ್ಪರ್ಧಾಳುಗಳು ಇದನ್ನು ಹಣ ಉಳಿಸುವುದಕ್ಕಾಗಿಯೂ, ತಮ್ಮ ಪಿಸ್ತೂಲಿಗೆ ಒಗ್ಗುವ ಹದವನ್ನು ತಾವೇ ಕಂಡುಕೊಳ್ಳುವುದಕ್ಕಾಗಿಯೂ ಮಾಡುತ್ತಾರೆ.

ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯಿದೆಯ ಐದನೆಯ ಕಲಮು ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದನ್ನು ಮಾತ್ರವಲ್ಲ, ಪರೀಕ್ಷಿಸುವುದನ್ನೂ ನಿಷೇಧಿಸುತ್ತದೆ. ಆದ್ದರಿಂದ ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಮನೆಯ ಅಟ್ಟದ ಮೇಲೆ ಕುಳಿತು ಈ ಕೆಲಸಕ್ಕೆ ಕೈಹಾಕಿದವನಿಗೆ ದೊರೆಯುವುದು ಪದಕವಲ್ಲ, ಠಾಣೆಯ ದರ್ಶನ. ಅದಲ್ಲದೆ ಒಲಿಂಪಿಕ್ಸಿನ ಪಿಸ್ತೂಲು ಸ್ಪರ್ಧೆಗಳಲ್ಲಿ ಬಳಸುವ .22 ತೋಟಾವನ್ನು ಮರಳಿ ತುಂಬುವಂತೆಯೂ ಇಲ್ಲ. ಅದರಲ್ಲಿ ಕಿಡಿಯ ದ್ರವ್ಯವು ಬೇರೆಯೊಂದು ಕೇಪಿನಲ್ಲಿರದೆ ಕವಚದ ಅಂಚಿನೊಳಗೇ ಅಡಗಿರುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2016ರ ರಿಯೋ ಒಲಿಂಪಿಕ್ಸಿನಲ್ಲಿ ಭಾಗವಹಿಸಿದ 50 ಮೀಟರ್ ಪಿಸ್ತೂಲು ಸ್ಪರ್ಧೆಯೂ ಇದೇ .22ರದು. ಅಂತಹ ಗುರಿಕಾರರು ತೋಟಾ ತುಂಬುವುದಿಲ್ಲ, ಆರಿಸುತ್ತಾರೆ. ಇಂಗ್ಲೆಂಡಿನ ಎಲೀ ಸಂಸ್ಥೆಯು ತನ್ನ ಉತ್ತಮ ದರ್ಜೆಯ ತೋಟಾಗಳ ಡಬ್ಬಿಯ ಮೇಲೆ ಆ ತಂಡದ ವೇಗವನ್ನು ಮುದ್ರಿಸಿಯೇ ಕಳುಹಿಸುತ್ತದೆ.

ಇನ್ನು ವೇಗವನ್ನು ಸ್ಪರ್ಧೆಯವರು ಏಕೆ ವಿಚಾರಿಸಬೇಕು? ನಿಂತಲ್ಲೇ ನಿಂತು ನಿಧಾನವಾಗಿ ಗುರಿಯಿಡುವ ಆಟದಲ್ಲಿ ಅದರ ಅಗತ್ಯ ಕಡಿಮೆ. ರಂಧ್ರವು ನಡುವೆ ಬಿದ್ದರೆ ಸರಿ, ಗುಂಡು ಓಡಿ ಬಂತೇ ನಡೆದು ಬಂತೇ ಎಂದು ಯಾರೂ ಕೇಳರು. ಆದರೆ 1976ರಲ್ಲಿ ಅಮೆರಿಕದ ಮಿಸೌರಿ ಪ್ರಾಂತದ ಕೊಲಂಬಿಯಾ ಪಟ್ಟಣದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಷೂಟಿಂಗ್ ಒಕ್ಕೂಟದ ಸ್ಪರ್ಧೆಗಳಲ್ಲಿ ಗುರಿಕಾರನು ಓಡುತ್ತ, ತಿರುಗುತ್ತ, ಅಡೆತಡೆಗಳ ಹಿಂದಿನಿಂದ ಇಣುಕುತ್ತ ಗುಂಡು ಹಾರಿಸಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಕಾಲದಿಂದ ಭಾಗಿಸಿ ಫಲಿತಾಂಶವನ್ನು ನಿರ್ಣಯಿಸುತ್ತಾರೆ. ತೋಟಾದಲ್ಲಿ ಮದ್ದನ್ನು ಕಡಿಮೆ ಮಾಡಿದರೆ ಪಿಸ್ತೂಲು ಕೈಯಲ್ಲಿ ಕಡಿಮೆ ಒದೆಯುತ್ತದೆ. ಕಡಿಮೆ ಒದೆದರೆ ಎರಡನೆಯ ಗುಂಡು ಬೇಗ ಹಾರುತ್ತದೆ. ಬೇಗ ಹಾರಿದರೆ ಗೆಲುವು ಹತ್ತಿರವಾಗುತ್ತದೆ. ಈ ಪ್ರಲೋಭನೆಯನ್ನು ತಡೆಯಲು ಒಕ್ಕೂಟವು ತೋಟಾದ ಬಲಕ್ಕೊಂದು ಕನಿಷ್ಠ ಮಿತಿಯನ್ನು ವಿಧಿಸಿದೆ. ಗುಂಡಿನ ತೂಕವನ್ನು ಗ್ರೇನುಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿಯೆಂದೂ ತೆಗೆದುಕೊಂಡು, ಎರಡನ್ನೂ ಗುಣಿಸಿ, ಸಾವಿರದಿಂದ ಭಾಗಿಸಿದರೆ ಬರುವುದು ‘ಪವರ್ ಫ್ಯಾಕ್ಟರ್’. ಇದು ಕನಿಷ್ಠ ಪಕ್ಷ 125 ಇರಲೇಬೇಕು. ಕೆಲವು ವಿಭಾಗಗಳಲ್ಲಿ 170ನ್ನೂ, ಮುಕ್ತ ವಿಭಾಗದಲ್ಲಿ 160ನ್ನೂ ಮುಟ್ಟಿದವನು ‘ಮೇಜರ್’ ಎನಿಸಿಕೊಳ್ಳುತ್ತಾನೆ. ಅವನ ಗುಂಡು ಗುರಿಯ ನಡುವಿನಿಂದ ಸ್ವಲ್ಪ ಅತ್ತಿತ್ತ ಬಿದ್ದರೂ ಮೂರಕ್ಕೆ ಬದಲು ನಾಲ್ಕು ಅಂಕ ದೊರೆಯುತ್ತದೆ. ಹೆಚ್ಚು ಒದೆತವನ್ನು ಸಹಿಸಿದವನಿಗೆ ಹೆಚ್ಚು ಕ್ಷಮೆ: ನನಗೇನೋ ಇದು ನ್ಯಾಯವಾದ ಏರ್ಪಾಡೆಂದೇ ತೋರುತ್ತದೆ.

ಗ್ರೇನೆಂಬುದು ಸುಮಾರು 65 ಮಿಲಿಗ್ರಾಮು. ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧದಷ್ಟು. ಒಂಬತ್ತು ಮಿಲಿಮೀಟರು ಪಿಸ್ತೂಲಿನ ಸಾಮಾನ್ಯ ಗುಂಡು 124 ಗ್ರೇನು, ಎಂದರೆ ಎಂಟು ಗ್ರಾಮು ತೂಗುತ್ತದೆ. ಇದು ಸೆಕೆಂಡಿಗೆ 1000 ಅಡಿ ಹೋದರೆ ಲೆಕ್ಕವು 124ಕ್ಕೆ ನಿಲ್ಲುತ್ತದೆ. 125 ಆಗಬೇಕಾದರೆ 1008 ಅಡಿಗೂ ಒಂದು ಕೂದಲೆಳೆಯಷ್ಟು ಹೆಚ್ಚು ಬೇಕು. ಈ ನಿಯಮದಲ್ಲಿ ದಶಮಾಂಶಗಳಿಗೆ ದಯೆಯಿಲ್ಲ, 124.9999 ಬಂದರೂ ಅದನ್ನು 125 ಎಂದು ಎಣಿಸುವುದಿಲ್ಲ.

ಗುಂಡಿನ ವೇಗವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯಬಹುದೆಂಬ ಭಾವನೆಯೇ ಇಲ್ಲದ ಕಾಲವೊಂದಿತ್ತು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಅರೆಯುತ್ತಿದ್ದ ನಾಲ್ಕು ಬೃಹತ್ತಾದ ಬೀಸುಗಲ್ಲುಗಳನ್ನು ಇಂದಿಗೂ ನೋಡಬಹುದು. ಆ ಕಲ್ಲುಗಳಡಿ ನುಣ್ಣಗಾದ ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಾಯಕರ ಕಾಲದ ಗೋಲಂದಾಜರು ಸದ್ದಿನಿಂದಲೋ ಹೊಗೆಯಿಂದಲೋ ಗುಂಡು ಬಿದ್ದ ದೂರದಿಂದಲೋ ಊಹಿಸಬೇಕಾಗಿತ್ತೇ ಹೊರತು, ನಳಿಗೆಯ ಬಾಯಲ್ಲಿ ಗುಂಡಿನ ವೇಗವಿಷ್ಟೆಂದು ಹೇಳುವ ಸಾಧನವು ಅವರಲ್ಲಿ ಇರಲಿಲ್ಲ. ಯೂರೋಪಿನಲ್ಲಿ ಆ ಸಾಧನವನ್ನು ಮೊದಲು ಲೋಕದ ಮುಂದಿಟ್ಟವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ತನ್ನ ಗ್ರಂಥವನ್ನು ಅವನು ಪ್ರಕಟಿಸಿದುದು 1742ರಲ್ಲಿ. ಅವನ ಯಂತ್ರವು ಮುಗ್ಧವೆನ್ನುವಷ್ಟು ಸರಳ: ತೂಗುಬಿಟ್ಟ ಒಂದು ಭಾರವಾದ ಲೋಲಕ, ಅದರ ಮುಖಕ್ಕೆ ದಪ್ಪನೆಯ ಮರದ ಹಲಗೆ, ಕೆಳಗಿನ ತುದಿಗೆ ಕಟ್ಟಿದ ಒಂದು ಪಟ್ಟಿ. ಗುಂಡು ಹಲಗೆಯಲ್ಲಿ ನಾಟಿಕೊಂಡೊಡನೆ ಲೋಲಕವು ಹಿಂದಕ್ಕೆ ತೂಗುತ್ತದೆ; ತೂಗಿದಷ್ಟೂ ಪಟ್ಟಿಯು ಹೊರಕ್ಕೆ ಜಾರುತ್ತದೆ; ಜಾರಿದ ಪಟ್ಟಿಯ ಉದ್ದ, ಲೋಲಕದ ತೂಕ, ಗುಂಡಿನ ತೂಕ ಇವು ತಿಳಿದರೆ ಗುಂಡಿನ ವೇಗವು ನ್ಯೂಟನ್ನನ ನಿಯಮದಿಂದ ಹೊರಬೀಳುತ್ತದೆ. ಬಂದೂಕಿನ ಗುಂಡು ಸೆಕೆಂಡಿಗೆ 1600 ಅಡಿಗೂ ಮೀರಿ ಹೋಗಬಲ್ಲುದೆಂಬುದನ್ನೂ, ಅಷ್ಟು ವೇಗದ ಗುಂಡಿಗೆ ಗಾಳಿಯು ಒಡ್ಡುವ ತಡೆಯು ಅದರ ತೂಕದ ಎಷ್ಟೋ ಪಾಲು ಎಂಬುದನ್ನೂ ಅವನು ತೋರಿಸಿಕೊಟ್ಟಾಗ, ಗಾಳಿಯ ತಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಪಂಡಿತರು ಬೆರಗಾದರು. ಮಹಾಗಣಿತಜ್ಞನಾದ ಆಯ್ಲರನು ಆ ಗ್ರಂಥವನ್ನು 1745ರಲ್ಲಿ ವ್ಯಾಖ್ಯಾನಸಹಿತವಾಗಿ ಜರ್ಮನ್ ಭಾಷೆಗೆ ತಂದನು. ಈ ರಾಬಿನ್ಸನು ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕೆಂದು ನಮ್ಮ ದಕ್ಷಿಣಕ್ಕೇ ಬಂದು, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರಲ್ಲಿ ಜ್ವರದಿಂದ ತೀರಿಕೊಂಡನು. ಚಿತ್ರದುರ್ಗದ ಬೀಸುಗಲ್ಲುಗಳು ಆಗಿನ್ನೂ ತಿರುಗುತ್ತಿದ್ದುವೆಂಬುದನ್ನು ನೆನೆದರೆ, ಊಹೆಯ ಯುಗವೂ ಅಳತೆಯ ಯುಗವೂ ಒಂದೇ ನಾಡಿನಲ್ಲಿ ಪರಸ್ಪರ ಅರಿಯದೆ ಬದುಕಿದ್ದುವೆನ್ನಬೇಕು.

ಲೋಲಕದ ಸ್ಥಾನಕ್ಕೆ ವಿದ್ಯುತ್ತು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಬೆಲ್ಜಿಯಮ್ಮಿನ ಸೇನಾಧಿಕಾರಿ ಲ ಬೂಲಾಂಜೆಯ ಯಂತ್ರದಲ್ಲಿ ಎರಡು ವಿದ್ಯುದಯಸ್ಕಾಂತಗಳು ಎರಡು ಸರಳುಗಳನ್ನು ಹಿಡಿದುಕೊಂಡಿರುತ್ತವೆ. ಗುಂಡು ಮೊದಲನೆಯ ತಂತಿಯನ್ನು ಕಡಿದಾಗ ಉದ್ದನೆಯ ಸರಳು ಬೀಳತೊಡಗುತ್ತದೆ, ಎರಡನೆಯ ತಂತಿಯನ್ನು ಕಡಿದಾಗ ಗಿಡ್ಡ ಸರಳು ಬಿದ್ದು ಒಂದು ಚಾಕುವನ್ನು ಚಿಮ್ಮಿಸುತ್ತದೆ, ಆ ಚಾಕು ಇನ್ನೂ ಬೀಳುತ್ತಿರುವ ಉದ್ದನೆಯ ಸರಳಿನ ಮೈಮೇಲೆ ಗೀರು ಹಾಕುತ್ತದೆ. ಗೀರಿನ ಎತ್ತರವೇ ಕಾಲದ ಅಳತೆ. ಭೂಮಿಯ ಆಕರ್ಷಣೆಯನ್ನೇ ಗಡಿಯಾರವನ್ನಾಗಿ ಮಾಡಿಕೊಂಡ ಈ ಯುಕ್ತಿಗೆ ನಾನು ಮನಸೋತಿದ್ದೇನೆ. ಇಂದಿನ ಯಂತ್ರಗಳು ಇದಕ್ಕಿಂತ ನಿಖರವಾಗಿದ್ದರೂ ಇಷ್ಟು ಸುಂದರವಾಗಿಲ್ಲ.

ಇಂದಿನ ಕ್ರೋನೋಗ್ರಾಫ್ ಒಂದು ಚಿಕ್ಕ ಪೆಟ್ಟಿಗೆ. ಅದರ ಎರಡು ತುದಿಗಳಲ್ಲಿ ಬೆಳಕನ್ನು ನೋಡುವ ಎರಡು ಕಣ್ಣುಗಳಿರುತ್ತವೆ. ಅವುಗಳ ಮೇಲೆ ಗುಂಡಿನ ನೆರಳು ಸುಳಿದಾಗ ಒಂದು ಗಡಿಯಾರವನ್ನು ಹೊರಡಿಸುತ್ತದೆ, ಇನ್ನೊಂದು ನಿಲ್ಲಿಸುತ್ತದೆ. ಕಣ್ಣುಗಳ ನಡುವೆ ಎರಡು ಅಡಿ ಅಂತರವಿದ್ದರೆ ಸೆಕೆಂಡಿಗೆ ಸಾವಿರ ಅಡಿಯ ಗುಂಡು ಅದನ್ನು ದಾಟುವುದು ಒಂದು ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ. ಕಾಲವನ್ನು ಅಳೆಯುವುದು ಸ್ಫಟಿಕದ ಗಡಿಯಾರಕ್ಕೆ ಲೀಲೆಯ ಕೆಲಸ. ತೊಡಕು ಬರುವುದು ದೂರದಲ್ಲಿ. ಆ ಎರಡು ಅಡಿಯಲ್ಲಿ ಕಾಲಂಗುಲ ಹೆಚ್ಚುಕಮ್ಮಿಯಾದರೆ ವೇಗದಲ್ಲಿ ಹತ್ತು ಅಡಿಯ ತಪ್ಪು ನುಸುಳುತ್ತದೆ, ಮತ್ತು 1008ರ ಅಂಚಿನಲ್ಲಿ ನಿಂತಿರುವವನಿಗೆ ಹತ್ತು ಅಡಿಯೆಂದರೆ ಸಾಮಾನ್ಯವಲ್ಲ. ಪೆಟ್ಟಿಗೆಯನ್ನು ನಳಿಗೆಗೆ ತೀರ ಹತ್ತಿರ ಇಟ್ಟರೆ ಗುಂಡಿನ ಜೊತೆಯಲ್ಲಿ ಹೊರಬೀಳುವ ಹೊಗೆಯನ್ನೂ ಅರೆಬೆಂದ ಮದ್ದಿನ ಕಣಗಳನ್ನೂ ಅದು ಗುಂಡೆಂದೇ ಭ್ರಮಿಸುವುದುಂಟು. ಆದುದರಿಂದ ಹತ್ತು ಹದಿನೈದು ಅಡಿ ದೂರದಲ್ಲಿ ಇಡುವುದು ವಾಡಿಕೆ.

ನಮ್ಮ ಬಯಲುಸೀಮೆಯಂತಹ ಕಡೆ ಈ ಪೆಟ್ಟಿಗೆಗೆ ಎರಡು ಶತ್ರುಗಳು. ಮೊದಲನೆಯದು ಬೆಳಕು. ಕಣ್ಣುಗಳು ನೋಡಬೇಕಾದುದು ಸಮನಾಗಿ ಬೆಳಗುವ ಆಕಾಶವನ್ನು. ಮೋಡವಿಲ್ಲದ ಮಧ್ಯಾಹ್ನದ ಸೂರ್ಯನು ನೇರವಾಗಿ ಒಳಕ್ಕೆ ಇಣುಕಿದರೆ ಗುಂಡಿನ ನೆರಳು ಆ ಪ್ರಖರತೆಯಲ್ಲಿ ಮುಳುಗಿಹೋಗಿ, ಪೆಟ್ಟಿಗೆಯು ಸುಮ್ಮನಿರುತ್ತದೆ ಅಥವಾ ಸುಳ್ಳಾಡುತ್ತದೆ. ಅದಕ್ಕಾಗಿ ಕಣ್ಣುಗಳ ಮೇಲೆ ಬಿಳಿಯ ಚಪ್ಪರದಂತಹ ತಡಿಕೆಗಳನ್ನು ನಿಲ್ಲಿಸುತ್ತಾರೆ. ಒಳಾಂಗಣದ ಟ್ಯೂಬ್‌ಲೈಟುಗಳೂ ಲೇಸಲ್ಲ. ಅವು ನಮ್ಮ ಕಣ್ಣಿಗೆ ತೋರದಂತೆ ಸೆಕೆಂಡಿಗೆ ನೂರು ಸಲ ಮಿನುಗುತ್ತಿರುತ್ತವೆ. ಎರಡನೆಯ ಶತ್ರು ಬಿಸಿಲು. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ. ಚಳ್ಳಕೆರೆಯ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕಾದ ತೋಟಾದ ವೇಗವೂ, ಮಾಗಿಯ ಮುಂಜಾನೆ ಹೊರತೆಗೆದ ಅದೇ ತೋಟಾದ ವೇಗವೂ ಒಂದೇ ಆಗಿರಬೇಕಿಲ್ಲ. ವೇಗ ಹೆಚ್ಚಾದುದಕ್ಕೆ ಹಿಗ್ಗುವಂತೆಯೂ ಇಲ್ಲ. ನಳಿಗೆಯೊಳಗಿನ ಒತ್ತಡವೂ ಅದರ ಜೊತೆಯಲ್ಲಿ ಏರಿರುತ್ತದೆ, ಆ ಒತ್ತಡವನ್ನು ಕ್ರೋನೋಗ್ರಾಫ್ ತೋರಿಸುವುದಿಲ್ಲ. ತೀರ ಕಡಿಮೆಯಾದರೂ ಅಪಾಯವೇ: ಬಲ ಸಾಲದ ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡು, ಅದನ್ನರಿಯದೆ ಇನ್ನೊಂದನ್ನು ಹಾರಿಸಿದವನ ಪಿಸ್ತೂಲು ಕೈಯಲ್ಲೇ ಸೀಳಬಹುದು. ಈಚೆಗೆ ನೆರಳಿನ ಪೆಟ್ಟಿಗೆಗೆ ಬದಲಾಗಿ ಡಾಪ್ಲರ್ ರಾಡಾರುಗಳು ಬಂದಿವೆ. ಕ್ರಿಕೆಟ್ಟಿನ ವೇಗದ ಬೌಲರನ ಚೆಂಡನ್ನು ಅಳೆಯುವ ತತ್ತ್ವವೇ ಅಲ್ಲಿಯೂ. ಅವಕ್ಕೆ ಬಿಸಿಲಿನ ಭಯವಿಲ್ಲ.

ಯಂತ್ರ ಯಾವುದಾದರೂ ಆಗಲಿ, ಅದು ಕೊಡುವುದು ಒಂದು ಸಂಖ್ಯೆಯನ್ನು. ಬರಿಯ ಸಂಖ್ಯೆಯ ಗತಿ ಏನಾಗಬಹುದೆಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಬಂಡೆಯ ಮೇಲೆ ಕೆತ್ತಿದ ನಿದರ್ಶನವಿದೆ. ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ 256 ಎಂಬ ಅಂಕಿಯಿದೆ. ಅದು ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷಗಳೋ, ದೊರೆಯು ಸಂಚಾರದಲ್ಲಿ ಕಳೆದ ರಾತ್ರಿಗಳೋ, ಮತ್ತೇನೋ ಎಂದು ವಿದ್ವಾಂಸರು ಬಹುಕಾಲ ವಾದಿಸಿದರು. ಅಂಕಿ ಸ್ಪಷ್ಟ, ಯಾವುದರ ಅಂಕಿಯೆಂಬುದು ಅಸ್ಪಷ್ಟ. ತೋಟಾದ ವೇಗ 1004 ಎಂದು ಪುಸ್ತಕದಲ್ಲಿ ಬರೆದುಕೊಂಡು, ಎಷ್ಟು ಗುಂಡುಗಳ ಸರಾಸರಿ, ಯಾವ ಪಿಸ್ತೂಲು, ನಳಿಗೆಯಿಂದ ಎಷ್ಟು ಅಡಿ, ಆ ದಿನದ ಸೆಕೆ ಎಷ್ಟು ಎಂಬುದನ್ನು ಬರೆಯದವನು ತನ್ನ ಮುಂದಿನ ವರ್ಷದ ತನಗೇ ಅಂತಹುದೊಂದು ಶಾಸನವನ್ನು ಕೆತ್ತಿಟ್ಟಂತೆ.

ಸರಾಸರಿಯೊಂದೇ ಇದ್ದರೂ ಸಾಲದು. ಒಬ್ಬನ ಐದು ಗುಂಡುಗಳು 1002, 1011, 996, 1008, 1003 ಅಡಿಯ ವೇಗದಲ್ಲಿ ಹೋದುವೆನ್ನೋಣ. ಇನ್ನೊಬ್ಬನವು 1040, 968, 1021, 985, 1006. ಇಬ್ಬರ ಸರಾಸರಿಯೂ 1004. ಆದರೆ ಮೊದಲನೆಯವನ ಗುಂಡುಗಳ ನಡುವಣ ಅಂತರ ಹೆಚ್ಚೆಂದರೆ 15 ಅಡಿ, ಎರಡನೆಯವನದು 72. ಮದ್ದಿನ ತೂಕದಲ್ಲಿಯೋ ಕವಚದಲ್ಲಿಯೋ ಗುಂಡನ್ನು ಕೂರಿಸಿದ ಆಳದಲ್ಲಿಯೋ ಎರಡನೆಯವನ ಕೈ ತಪ್ಪುತ್ತಿದೆಯೆಂದು ಈ 72 ಸಾರುತ್ತದೆ. ಪಳಗಿದವರು ಮೊದಲು ನೋಡುವುದು ಈ ಅಂತರವನ್ನು, ಆಮೇಲೆ ಸರಾಸರಿಯನ್ನು.

ನಮ್ಮ ನಾಡಿನ ಕೋವಿಯ ಆಟಗಳಿಗೆ ಇಷ್ಟು ಗಣಿತ ಬೇಕಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವವರ ಕೋವಿಗೆ ಯಾರೂ ಕ್ರೋನೋಗ್ರಾಫ್ ಹಿಡಿಯುವುದಿಲ್ಲ. ಕಾಯಿ ಒಡೆಯಿತೇ ಇಲ್ಲವೇ, ಅಷ್ಟೆ. ಆದರೆ ಗಾಳಿಯ ಪಿಸ್ತೂಲಿನ ವಿಷಯದಲ್ಲಿ ವೇಗವು ನಮ್ಮಲ್ಲಿಯೂ ಕಾನೂನಿನ ಮಾತಾಗಿದೆ. 2016ರ ಆಯುಧ ನಿಯಮಗಳ ಪ್ರಕಾರ, ಗುಂಡು ನಳಿಗೆ ಬಿಡುವಾಗ ಅದರ ಶಕ್ತಿ 20 ಜೌಲನ್ನೂ ನಳಿಗೆಯ ಒಳವ್ಯಾಸ .177 ಅಂಗುಲವನ್ನೂ ಮೀರದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ. ಶಕ್ತಿಯೆಂದರೆ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಹತ್ತು ಮೀಟರ್ ಸ್ಪರ್ಧೆಯ ಅರ್ಧ ಗ್ರಾಮಿನ ಸೀಸದ ಗುಂಡು ಸೆಕೆಂಡಿಗೆ 150 ಮೀಟರು ಹೋದರೆ ಐದೂವರೆ ಜೌಲಿಗೆ ಸ್ವಲ್ಪ ಮೇಲೆ. ವೇಗವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿಯಾಗಿ 20ರ ಗೆರೆಯನ್ನು ದಾಟಿಬಿಡುತ್ತದೆ. ಚಳ್ಳಕೆರೆಯ ಹುಡುಗಿಯೊಬ್ಬಳು ಮನು ಭಾಕರಳ ಪದಕಗಳನ್ನು ಕಂಡು ಗುರಿಯಾಟಕ್ಕೆ ಮನಸ್ಸು ಮಾಡಿದರೆ, ವೇಗಮಾಪನದ ಈ ವಿದ್ಯೆಯನ್ನು ಅವಳು ಗಾಳಿಯ ಪಿಸ್ತೂಲಿನಿಂದಲೇ ನಿರಾತಂಕವಾಗಿ ಕಲಿಯಬಹುದು. ಗಾಳಿಯ ಉರುಳೆಯ ಒತ್ತಡ ಇಳಿಯುತ್ತ ಬಂದಂತೆ ವೇಗವು ಹೇಗೆ ತಪ್ಪುತ್ತದೆಂಬುದನ್ನು ಆ ಪೆಟ್ಟಿಗೆ ಅವಳಿಗೂ ತೋರಿಸಿಕೊಡುತ್ತದೆ.

ಇನ್ನು ಒಕ್ಕೂಟದ ಸ್ಪರ್ಧೆಯಲ್ಲಿ ಪರೀಕ್ಷೆಯ ಮೇಜಿನ ಬಳಿ ನಡೆಯುವ ಕಲಾಪವನ್ನು ಹೇಳಬೇಕು. ಅಧಿಕಾರಿಯು ಸ್ಪರ್ಧಾಳುವಿನ ತೋಟಾಗಳಲ್ಲಿ ಎಂಟನ್ನು ತೆಗೆದುಕೊಳ್ಳುತ್ತಾನೆ. ಒಂದನ್ನು ಬಿಚ್ಚಿ ಗುಂಡನ್ನು ತೂಗುತ್ತಾರೆ; 124 ಗ್ರೇನು ಬಂತೆನ್ನೋಣ. ಮೂರನ್ನು ಸ್ಪರ್ಧಾಳುವಿನ ಪಿಸ್ತೂಲಿನಿಂದಲೇ ಹಾರಿಸುತ್ತಾರೆ: 1002, 1011, 996. ಸರಾಸರಿ 1003, ಗುಣಲಬ್ಧ 124.372, ಸಾಲದು. ನಿಯಮವು ಇಲ್ಲಿ ಕೈಬಿಡದೆ ಇನ್ನು ಮೂರನ್ನು ಹಾರಿಸಲು ಅವಕಾಶ ಕೊಡುತ್ತದೆ: 1008, 1003, 1005. ಆರರಲ್ಲಿ ಹೆಚ್ಚಿನ ಮೂರನ್ನು ಆರಿಸಿದರೆ 1011, 1008, 1005, ಸರಾಸರಿ 1008, ಗುಣಲಬ್ಧ 124.992. ಇದೂ 125 ಅಲ್ಲ. ಈಗ ಮೇಜಿನ ಮೇಲೆ ಉಳಿದಿರುವುದು ಎಂಟನೆಯ ತೋಟಾ ಒಂದೇ, ಮತ್ತು ಅದನ್ನು ಏನು ಮಾಡಬೇಕೆಂಬ ಆಯ್ಕೆ ಸ್ಪರ್ಧಾಳುವಿನದು. ಬಿಚ್ಚಿ ತೂಗಿಸಬಹುದು: ಆ ಗುಂಡು 124.1 ಗ್ರೇನು ತೂಗಿದರೆ ಲೆಕ್ಕವು 125ನ್ನು ದಾಟುತ್ತದೆ. ಇಲ್ಲವೆ ಹಾರಿಸಬಹುದು: ಅದು 1006 ಅಡಿಯ ವೇಗವನ್ನು ತೋರಿಸಿದರೂ ಸಾಕು, 1005ರ ಸ್ಥಾನವನ್ನು ಆಕ್ರಮಿಸಿ ಸರಾಸರಿಯನ್ನು ಮೇಲಕ್ಕೆತ್ತುತ್ತದೆ. ತನ್ನ ಗುಂಡುಗಳನ್ನು ಒಂದೊಂದಾಗಿ ತೂಗಿ ವಿಂಗಡಿಸಿದವನಿಗೆ ತೂಕದಲ್ಲಿ ಏರುಪೇರಿನ ಆಸೆಯಿರದು, ಅವನು ಹಾರಿಸೆನ್ನುತ್ತಾನೆ. ಮದ್ದನ್ನು ಮಾತ್ರ ಜತನದಿಂದ ತೂಗಿ ಗುಂಡುಗಳನ್ನು ಡಬ್ಬಿಯಿಂದ ಹಾಗೆಯೇ ಬಳಸಿದವನು ತಕ್ಕಡಿಯ ಕಡೆ ಕೈ ತೋರಿಸುತ್ತಾನೆ. ಆರಿಸಿದ ದಾರಿಯೂ ಕೈಕೊಟ್ಟರೆ ಅವನು ಸ್ಪರ್ಧೆಯನ್ನು ಕೊನೆಯವರೆಗೂ ಆಡಬಹುದು, ಆದರೆ ಅಂಕಪಟ್ಟಿಯಲ್ಲಿ ಅವನಿಗೆ ಅಂಕವಿರುವುದಿಲ್ಲ.